ಹಿನ್ನೀರಿಗೆ ಇಳಿಯುವ ಮುನ್ನ: ಒಂದು ತೆಪ್ಪ, ಗಂಡ-ಹೆಂಡತಿ, ಬೇಸಿಗೆವರೆಗಿನ ಬಿಡಾರ

ಕೊಪ್ಪಳ ತಾಲ್ಲೂಕಿನಲ್ಲಿ ತುಂಗಭದ್ರಾ ಹಿನ್ನೀರಿಗೆ ಅಂಟಿಕೊಂಡ ಊರೊಂದರ ಮೀನುಗಾರ ದಂಪತಿಯ ಪ್ರಕರಣ ಇದು. ಗಂಡನಿಗೆ ಐವತ್ತರ ಆಸುಪಾಸು, ಹೆಂಡತಿ ನಾಲ್ಕೈದು ವರ್ಷ ಚಿಕ್ಕವರು. ಊರಲ್ಲಿ ಮನೆ ಇದೆ. ಆದರೆ ಮಳೆಗಾಲ ಇಳಿದ ಮೇಲೆ ಬೇಸಿಗೆ ತುದಿಯವರೆಗೂ ಅವರು ಇರುವುದು ನೀರಿನಂಚಿನ ಬಿಡಾರದಲ್ಲಿ. ನೀರು ಹಿಂದೆ ಸರಿದಂತೆ ಬಿಡಾರವೂ ಸರಿಯುತ್ತದೆ. ಬಲೆ ಬಿಡಲು, ಸಾಮಾನು ಸಾಗಿಸಲು, ಅಡ್ಡಮಳೆ ಬಂದರೆ ಬೋರಲು ಹಾಕಿ ಅಡಿಯಲ್ಲಿ ಮಲಗಲು, ಎಲ್ಲಕ್ಕೂ ಒಂದೇ ತೆಪ್ಪ: ಬಿದಿರಿನ ದಬ್ಬೆಗಳಿಂದ (ಸೀಳಿದ ಪಟ್ಟಿಗಳಿಂದ) ನೇಯ್ದ ದುಂಡು ಬುಟ್ಟಿ, ಹೊರಗೆ ಪ್ಲಾಸ್ಟಿಕ್ ಚೀಲದ ಹೊದಿಕೆ, ಅದರ ಮೇಲೆ ಡಾಂಬರು. ಕಳೆದ ಹಂಗಾಮಿನ ಕೊನೆಗೆ ಅದು ಗಂಟೆಗೆ ಎರಡು ಬಕೆಟ್ ನೀರು ಒಳಗೆ ಬಿಟ್ಟುಕೊಳ್ಳುತ್ತಿತ್ತು. ಹೆಂಡತಿ ಒಂದು ಕೈಯಲ್ಲಿ ಬಲೆ ಹಿಡಿದು ಇನ್ನೊಂದು ಕೈಯಲ್ಲಿ ಡಬ್ಬಿಯಿಂದ ನೀರು ಚೆಲ್ಲುತ್ತ ಕೂರಬೇಕಿತ್ತು. ಹೊಸದು ನೇಯಿಸಬೇಕೋ, ಇದಕ್ಕೇ ಹೊಸ ಹೊದಿಕೆ ಹಾಕಬೇಕೋ ಎಂಬುದು ತೀರ್ಮಾನವಾಗಬೇಕಿತ್ತು. ಮೀನು ಮೊಟ್ಟೆಯಿಡುವ ಮುಂಗಾರಿನ ತಿಂಗಳುಗಳಲ್ಲಿ ಬಲೆ ಹೇಗೂ ಮೇಲಿರುತ್ತದೆ. ಪಡುವಣ ಗಾಳಿಗೆ ಅಲೆ ಎದ್ದಾಗ ತೆಪ್ಪ ಇಳಿಸುವುದೂ ಕಷ್ಟ. ತಯಾರಿಗೆ ಇರುವುದು ಆ ಅವಧಿ ಮಾತ್ರ.

ಜಲಾಶಯದ ಬಗ್ಗೆ ಎರಡು ಮಾತು ಬೇಕು, ಯಾಕೆಂದರೆ ತಯಾರಿಯ ಲೆಕ್ಕವೆಲ್ಲ ಅಲ್ಲಿಂದ ಹುಟ್ಟುತ್ತದೆ. ಪೂರ್ಣ ಮಟ್ಟ 1633 ಅಡಿ, ತುಂಬಿದಾಗ ನೀರು ಹರಡುವುದು ಸುಮಾರು 378 ಚದರ ಕಿ.ಮೀ. ಕಟ್ಟಿದಾಗ 133 ಟಿಎಂಸಿ (ಶತಕೋಟಿ ಘನ ಅಡಿ) ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105 ಟಿಎಂಸಿ ಚಿಲ್ಲರೆಗೆ ಇಳಿದಿದೆ. ಆ ಹೂಳು ಹಿನ್ನೀರಿನವರಿಗೆ ಬರೀ ಅಂಕಿಯಲ್ಲ. ಚಳಿಗಾಲ ಕಳೆದ ಮೇಲೆ ನೀರಿಗೂ ಗಟ್ಟಿ ನೆಲಕ್ಕೂ ನಡುವೆ ಮೊಣಕಾಲುದ್ದದ ಕಪ್ಪು ಕೆಸರಿನ ಪಟ್ಟಿ ಏಳುತ್ತದೆ, ತೆಪ್ಪ ಹೊತ್ತು ಅದನ್ನು ದಾಟಬೇಕು. ಮೊದಲೆಲ್ಲ ನೀರು ಯಾವ ತಿಂಗಳಲ್ಲಿ ಎಲ್ಲಿ ನಿಲ್ಲುತ್ತದೆ ಎಂಬ ಅಂದಾಜು ಹಿರಿಯರಿಗೆ ಇರುತ್ತಿತ್ತು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋದ ಮೇಲೆ ಆ ಅಂದಾಜು ಕೆಟ್ಟಿದೆ. ಮರುವರ್ಷ ಗೇಟುಗಳ ಸ್ಥಿತಿ ನೋಡಿ ಸಂಗ್ರಹವನ್ನೇ 80 ಟಿಎಂಸಿಗೆ ಮಿತಿಗೊಳಿಸಿದರು. ದಡ ಎಲ್ಲಿರುತ್ತದೆ ಎಂದು ಗೊತ್ತಿಲ್ಲದವನಿಗೆ ಬೇಕಾದದ್ದು ಹಗುರ ತೆಪ್ಪ, ಬೇಗ ಕಿತ್ತು ಹೊರಡಬಹುದಾದ ಬಿಡಾರ. ಈ ದಂಪತಿಯ ತೆಪ್ಪ ಹಗುರವಾಗಿರಲಿಲ್ಲ.

ತೂಕ ಮೊದಲು

ತೆಪ್ಪದ ಬಾಯಿ ಅಡ್ಡಳತೆ 2.1 ಮೀಟರ್, ಅಂದರೆ ಏಳಡಿ. ತಳದ ಅಡ್ಡಳತೆ 1.6 ಮೀಟರ್, ಎತ್ತರ 52 ಸೆಂ.ಮೀ. ಮೀನು ತೂಗುವ ದೊಡ್ಡ ಕಾಟಾಕ್ಕೆ ಹಾಕಿದಾಗ 61 ಕೆ.ಜಿ. ಬಂತು. ಇಷ್ಟು ಅಳತೆಯ ತೆಪ್ಪ ಒಣಗಿದ್ದರೆ 45ರಿಂದ 48 ಕೆ.ಜಿ. ಇರಬೇಕು. ಹೆಚ್ಚಿನ ತೂಕದಲ್ಲಿ ಅರ್ಧ ಬಿದಿರು ಕುಡಿದ ನೀರಿನದು, ಉಳಿದರ್ಧ ಸೋರಿದಾಗೆಲ್ಲ ಮೇಲೆ ಮೇಲೆ ಬಳಿದ ಡಾಂಬರಿನದು. ಬಹಳ ಮಂದಿ ಇಲ್ಲೇ ಎಡವುತ್ತಾರೆ. ಸೋರಿತು, ಬಳಿ; ಮತ್ತೆ ಸೋರಿತು, ಮತ್ತೆ ಬಳಿ. ಹಳೆಯ ಪದರು ಬಿರುಕು ಬಿಟ್ಟಿದ್ದರೆ ಅದರ ಮೇಲಿನ ಹೊಸ ಪದರೂ ಅದೇ ಗೆರೆಯಲ್ಲಿ ಬಿರಿಯುತ್ತದೆ. ಸೋರಿಕೆ ನಿಲ್ಲುವುದಿಲ್ಲ, ತೂಕ ಮಾತ್ರ ಏರುತ್ತದೆ.

ತೂಕ ನೀರಿನಲ್ಲಿ ಎಷ್ಟು ತೊಂದರೆ ಕೊಡುತ್ತದೆ? ಅಷ್ಟೇನಿಲ್ಲ. ತಳದ ವಿಸ್ತೀರ್ಣ ಸುಮಾರು 2 ಚದರ ಮೀಟರ್, ಹಾಗಾಗಿ 20 ಕೆ.ಜಿ. ಹೇರಿದರೆ ತೆಪ್ಪ 1 ಸೆಂ.ಮೀ. ಮುಳುಗುತ್ತದೆ. ತೆಪ್ಪ, ಇಬ್ಬರು, ಒದ್ದೆ ಬಲೆ, ಒಳ್ಳೆಯ ದಿನದ ಮೀನು, ಬಿಡಾರದ ಸಾಮಾನು ಎಲ್ಲ ಸೇರಿ 320 ಕೆ.ಜಿ. ಆದರೂ 15 ಸೆಂ.ಮೀ. ಒಳಗೆ, 37 ಸೆಂ.ಮೀ. ಮೇಲೆ. ತೊಂದರೆ ಇರುವುದು ಕೆಸರಿನಲ್ಲಿ. 48 ಕೆ.ಜಿ.ಯನ್ನು ಇಬ್ಬರು ಅಂಚು ಹಿಡಿದು ಹೊತ್ತು ದಾಟಬಹುದು. 61 ಆದರೆ ಎಳೆಯುತ್ತಾರೆ, ಎಳೆದರೆ ತಳ ಹರಿಯುತ್ತದೆ.

ತೂತು ಹುಡುಕಿದ ಬಗೆ

ತೆಪ್ಪವನ್ನು ಬೋರಲು ಹಾಕಿ ಒಂದು ಬದಿ ಕಲ್ಲಿಟ್ಟು ಎತ್ತರಿಸಿದರು. ನಡುಮಧ್ಯಾಹ್ನದ ಬಿಸಿಲಲ್ಲಿ ಹೆಂಡತಿ ಸೀಮೆಸುಣ್ಣ ಹಿಡಿದು ಒಳಗೆ ತೂರಿದರು. ಅಂಚಿನ ಸಂದಿಗಳಿಗೆ ಗೋಣಿಚೀಲ ತುರುಕಿ ಕತ್ತಲು ಮಾಡಿದ ಮೇಲೆ ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬೇಕು. ಆಮೇಲೆ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಒಂದೊಂದಾಗಿ ಕಾಣತೊಡಗುತ್ತವೆ. "ನಡುವೆ ಒಂದೂ ಇಲ್ರೀ. ಎಲ್ಲಾ ಇಲ್ಲಿ ತಿರುವಿನಾಗ ಅದಾವ, ಸಾಲಾಗಿ," ಎಂದು ಒಳಗಿನಿಂದ ಕೂಗಿದರು. "ಗುರ್ತು ಮಾಡ್ಕೋಂತ ಹೋಗು, ಎಣಿಸಬ್ಯಾಡ," ಎಂದ ಗಂಡ ಹೊರಗಿನಿಂದ ಅದೇ ಜಾಗಕ್ಕೆ ಬೆರಳಿಟ್ಟು ತಟ್ಟುತ್ತಿದ್ದರು. ತಟ್ಟಿದಲ್ಲಿ ಟೊಳ್ಳು ಸದ್ದು ಬಂದರೆ ಡಾಂಬರು ಚೀಲದಿಂದ ಬಿಟ್ಟುಕೊಂಡಿದೆ ಎಂದರ್ಥ.

ಒಂದೇ ದೊಡ್ಡ ತೂತು ಎಲ್ಲೂ ಇರಲಿಲ್ಲ. 15 ಸೆಂ.ಮೀ. ಆಳದಲ್ಲಿ 3 ಮಿ.ಮೀ. ತೂತು ಒಂದಿದ್ದರೆ ಗಂಟೆಗೆ 25 ಲೀಟರಿನಷ್ಟು ನೀರು ಬರುತ್ತದೆ, 5 ಮಿ.ಮೀ. ಆದರೆ 70 ಲೀಟರ್. ಇಲ್ಲಿ ಸೂಜಿತೂತುಗಳೇ ಸೇರಿ ಅಷ್ಟು ನೀರು ತರುತ್ತಿದ್ದವು. ಎಲ್ಲವೂ ತಳ ಮೇಲಕ್ಕೆ ಬಾಗಿ ಗೋಡೆಯಾಗುವ ತಿರುವಿನಲ್ಲಿ, ಅಂಗೈ ಅಗಲದ ಉಂಗುರದೊಳಗೆ.

ತಿರುವೇ ಏಕೆ? ಕಾರಣ ಮೂರು, ಮೂರೂ ಒಟ್ಟಿಗೆ ಕೆಲಸ ಮಾಡುತ್ತವೆ. ತೆಪ್ಪದೊಳಗೆ ಹೆಜ್ಜೆ ಬದಲಿಸಿದಾಗಲೆಲ್ಲ ತಳ ಕೆಳಗೆ ಜಗ್ಗಿ ಮೇಲೆ ಬರುತ್ತದೆ. ಆ ಬಾಗು ಬೀಳುವುದು ತಿರುವಿನ ಮೇಲೆ, ಅಲ್ಲಿ ಬಿದಿರು ದಬ್ಬೆಯ ಏಣು ಚೀಲದ ಎಳೆಗಳನ್ನು ಒಳಗಿನಿಂದ ತೇಯುತ್ತದೆ. ಎರಡನೆಯದು, ಡಾಂಬರು ಬಳಿಯುವಾಗ ತೆಪ್ಪ ಬೋರಲಿರುತ್ತದೆ. ಬಿಸಿ ಡಾಂಬರು ತಿರುವಿನ ಮೇಲಿಂದ ಎರಡೂ ಕಡೆಗೆ ಜಾರುತ್ತದೆ, ತಳದಲ್ಲಿ 3 ಮಿ.ಮೀ. ನಿಂತರೆ ತಿರುವಿನಲ್ಲಿ ಒಂದೂ ನಿಲ್ಲುವುದಿಲ್ಲ. ಕೊನೆಯದು, ದಡಕ್ಕೆ ಬರುವಾಗ ತೆಪ್ಪ ವಾಲಿ ಮೊದಲು ನೆಲ ಮುಟ್ಟುವುದೂ ಅದೇ ತಿರುವು. ನಡುತಳಕ್ಕೆ ಹೆಚ್ಚುವರಿ ಚೀಲ ಹಾಕಿಸಿಕೊಂಡು ಸಮಾಧಾನಪಡುವವರು ಹಣ ಹಾಕಿದ ಜಾಗ ತಪ್ಪು.

ಬಿದಿರಿನ ಪರೀಕ್ಷೆ, ತೀರ್ಮಾನ

ಹಳೆಯ ಹೊದಿಕೆಯನ್ನು ಕತ್ತರಿಸಿ ತೆಗೆದ ಮೇಲೆಯೇ ಬಿದಿರಿನ ನಿಜ ತಿಳಿಯುವುದು. ಒಂದೊಂದು ದಬ್ಬೆಗೂ ಚೂರಿಮೊನೆ ಒತ್ತಿ ನೋಡಿದರು. ಗಟ್ಟಿ ಬಿದಿರಿಗೆ ಮೊನೆ ಇಳಿಯುವುದಿಲ್ಲ. ಕೊಳೆತದ್ದರಲ್ಲಿ ಮೆತ್ತಗೆ ಇಳಿಯುತ್ತದೆ. ಹುಳ ಬಿದ್ದದ್ದರಲ್ಲಿ ತಟ್ಟಿದರೆ ಸಣ್ಣ ತೂತಿನಿಂದ ಹಳದಿ ಹಿಟ್ಟು ಉದುರುತ್ತದೆ. ತಳದಲ್ಲಿ 9 ದಬ್ಬೆ ಹಾಳಾಗಿದ್ದವು, ಗೋಡೆಯಲ್ಲಿ ಎರಡು. ಬಾಯಿಕಟ್ಟು, ಅಂದರೆ ತೆಪ್ಪದ ಬಾಯಿಯ ಸುತ್ತ ದಾರ ಸುತ್ತಿ ಬಿಗಿದ ಅಂಚು, ಸಡಿಲವಾಗಿದ್ದರೂ ಬಿದಿರು ಗಟ್ಟಿ ಇತ್ತು.

ಇದಕ್ಕೊಂದು ಅಳತೆಗೋಲು ಇದೆ. ತಳದ ದಬ್ಬೆಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಹೋಗಿದ್ದರೆ, ಅಥವಾ ಒಂದರ ಪಕ್ಕ ಒಂದರಂತೆ ಮೂರು ಹೋಗಿದ್ದರೆ, ಹೊಸದು ನೇಯಿಸುವುದೇ ಲೇಸು. ಚದುರಿದಂತೆ ಹಾಳಾಗಿದ್ದರೆ ಬುಟ್ಟಿಯ ಬಲ ಉಳಿದಿರುತ್ತದೆ, ದಬ್ಬೆ ಬದಲಿಸಿ ಹೊದಿಕೆ ಹೊಸದು ಮಾಡಿದರೆ ಸಾಕು. ಇವರದ್ದು ಚದುರಿದ ಹಾನಿ. ಹೊಸದು ಬೇಕೇ ಬೇಕು ಎಂದು ಗಂಡನಿಗೆ ಆಸೆ ಇತ್ತು. ಆ ಹಣ ಬಲೆಗೆ ಬೇಕು ಎಂದು ಹೆಂಡತಿ ಹೇಳಿದ್ದೇ ಸರಿಯಾದ ಮಾತು.

ಮೇದಾರರಿಂದ ತಂದ ಹಸಿ ದಬ್ಬೆಯನ್ನು ನೇರವಾಗಿ ನೇಯುವಂತಿಲ್ಲ. ಹಸಿ ಬಿದಿರಿನಲ್ಲಿ ಹಿಟ್ಟಿನಂಶ ಜಾಸ್ತಿ, ಹುಳಕ್ಕೆ ಬೇಕಾದದ್ದು ಅದೇ. ಮಳೆಗಾಲ ಕಳೆದು ಚಳಿಯಲ್ಲಿ ಕಡಿದ ಬಿದಿರಿನಲ್ಲಿ ಅದು ಕಡಿಮೆ ಇರುತ್ತದೆ. ಕಡಿದ ಕಾಲ ಗೊತ್ತಿಲ್ಲದಿದ್ದರೆ ಎರಡು ವಾರ ಹರಿವ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟು, ಆಮೇಲೆ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಸೀಳುತ್ತದೆ. ಬೋರಾಕ್ಸ್ ದ್ರಾವಣದಲ್ಲಿ ನೆನೆಸಬಹುದು, ಆದರೆ ಎರಡು ಹಂಗಾಮು ಬಾಳುವ ತೆಪ್ಪಕ್ಕೆ ಅಷ್ಟು ಖಟಪಟಿ ಬೇಡ. ಹೊಸ ದಬ್ಬೆಯ ಹಸಿರು ಸಿಪ್ಪೆಯ ಬದಿ ಹೊರಗಿರಬೇಕು, ಏಣುಗಳನ್ನು ಚೂರಿಯಿಂದ ಹೆರೆದು ದುಂಡು ಮಾಡಬೇಕು. ಹೆರೆಯುವ ಈ ಕೆಲಸ ಬೇಸರ ತರಿಸುವಂಥದ್ದು. ಹಳೆಯ ದಬ್ಬೆಗಳ ಏಣನ್ನೂ ತಿರುವಿನ ಸುತ್ತ ಹೆರೆದರು. ಕಳೆದ ಸಲ ಚೀಲ ತೇದದ್ದು ಆ ಏಣುಗಳೇ.

ಡಾಂಬರಿನ ದಿನ

ಇಡೀ ತಯಾರಿಯಲ್ಲಿ ದಿನ ನೋಡಿ ಮಾಡಬೇಕಾದ ಕೆಲಸ ಇದೊಂದೇ. ಬಿದಿರಲ್ಲಿ ತೇವ ಇದ್ದರೆ ಬಿಸಿ ಡಾಂಬರು ತಗುಲಿದಾಗ ಆವಿ ಎದ್ದು ಹೊದಿಕೆಯಡಿ ಗುಳ್ಳೆ ಕಟ್ಟುತ್ತದೆ. ಗುಳ್ಳೆ ಒಡೆದಲ್ಲಿ ಸೂಜಿತೂತು. ಹಾಗಾಗಿ ಮಳೆ ಮೂರ್ನಾಲ್ಕು ದಿನ ಬಿಡುವು ಕೊಟ್ಟ ಮೇಲೆ, ಹಗಲಿನ ಹನ್ನೊಂದರ ನಂತರ ಹಚ್ಚಬೇಕು. ಬಲೆ ಹೊಲಿಗೆ, ರೇಷನ್ನು, ಪರವಾನಗಿ ಕಾಗದ ಇವೆಲ್ಲ ಮಳೆಯಲ್ಲೂ ಆಗುತ್ತವೆ. ಅವನ್ನು ಮೊದಲು ಮುಗಿಸಿಕೊಂಡು ಕೂತರೆ ಬಿಸಿಲು ಬಂದ ದಿನ ಕೈ ಖಾಲಿ ಇರುತ್ತದೆ.

ಸಾಮಗ್ರಿ: ಖಾಲಿ ಯೂರಿಯಾ ಚೀಲ 16. ಬಿಚ್ಚಿ ಹರಡಿದರೆ ಚೀಲವೊಂದಕ್ಕೆ ಸುಮಾರು ಒಂದು ಚದರ ಮೀಟರ್ ಬಟ್ಟೆ ಸಿಗುತ್ತದೆ. ಹೊರಮೈ ಐದೂವರೆ ಚದರ ಮೀಟರ್, ಎರಡು ಪದರು, ಜೋಡಣೆಗೆ ನಾಲ್ಕು ಬೆರಳು ಒಂದರ ಮೇಲೊಂದು. ಚೀಲಗಳನ್ನು ತೊಳೆದು ಪೂರಾ ಒಣಗಿಸಬೇಕು, ಯೂರಿಯಾ ಪುಡಿ ಉಳಿದರೆ ಅದು ತೇವ ಎಳೆದುಕೊಳ್ಳುತ್ತದೆ. ರಸ್ತೆಗೆ ಬಳಸುವ ವಿಜಿ-30 ಡಾಂಬರು 16 ಕೆ.ಜಿ., ತಾರಸಿಗೆ ಹಾಕುವ 85/25 ದರ್ಜೆಯ ಗಟ್ಟಿ ಡಾಂಬರು 4 ಕೆ.ಜಿ. ಸೆಣಬಿನ ಗೋಣಿ 3. ನೈಲಾನ್ ದಾರ, ಗೋಣಿಸೂಜಿ, ಜರಡಿ ಹಿಡಿದ ಒಣ ಮರಳು ಎರಡು ಬುಟ್ಟಿ.

ಎರಡು ಬಗೆಯ ಡಾಂಬರು ಏಕೆ ಎಂದರೆ, ವಿಜಿ-30 ಮೆತ್ತಗಾಗಲು ಶುರುವಾಗುವುದು 47 ಡಿಗ್ರಿಯ ಹತ್ತಿರ. ಕೊಪ್ಪಳ-ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಗಾಳಿಯೇ 41-42 ಡಿಗ್ರಿ ಮುಟ್ಟುತ್ತದೆ, ಕಪ್ಪು ಮೈ ಅರವತ್ತು ದಾಟುತ್ತದೆ. ಬಿಡಾರದ ಪಕ್ಕ ಬೋರಲು ಹಾಕಿದ ತೆಪ್ಪದ ಡಾಂಬರು ಮಧ್ಯಾಹ್ನ ನಿಧಾನಕ್ಕೆ ಇಳಿಯುತ್ತದೆ, ಮತ್ತೆ ತೆಳ್ಳಗಾಗುವುದು ಆ ತಿರುವೇ. 85/25 ಮೆತ್ತಗಾಗುವುದು 85 ಡಿಗ್ರಿಯ ಸುತ್ತ, ಇಳಿಯುವುದಿಲ್ಲ. ಹಾಗಾದರೆ ಎಲ್ಲ ಕಡೆಗೂ ಅದನ್ನೇ ಹಚ್ಚಬಾರದೇ? ಅದು ಕರಗಿ ಹರಿಯಲು 180 ಡಿಗ್ರಿ ದಾಟಬೇಕು. ಯೂರಿಯಾ ಚೀಲದ ಪ್ಲಾಸ್ಟಿಕ್ಕು ಯಾವ ಜಾತಿಯದು ಎನ್ನುವುದರ ಮೇಲೆ 130ರಿಂದ 165ರೊಳಗೆ ಕರಗಿಹೋಗುತ್ತದೆ. ಸೆಣಬಿಗೆ ಆ ಬಿಸಿ ಏನೂ ಮಾಡದು, ಡಾಂಬರನ್ನು ಕುಡಿದು ಹಿಡಿದುಕೊಳ್ಳುತ್ತದೆ. ಆದ್ದರಿಂದ ಮೈಯೆಲ್ಲ ಚೀಲ ಮತ್ತು ವಿಜಿ-30, ತಿರುವಿಗೆ ಮಾತ್ರ ಸೆಣಬು ಮತ್ತು ಗಟ್ಟಿ ಡಾಂಬರು.

ಒಂದು ಅಡ್ಡದಾರಿಯ ಬಗ್ಗೆಯೂ ಹೇಳಬೇಕು. ನೀಲಿ ತಾಡಪಾಲಿನ 12 ಅಡಿಯ ಚೌಕ ತುಂಡು ಇಡೀ ತೆಪ್ಪವನ್ನು ಹೊಲಿಗೆಯಿಲ್ಲದೆ ಮುಚ್ಚುತ್ತದೆ, ನೋಡಲು ಚೆಂದ. ಆದರೆ ಅದರ ಮೈ ನುಣುಪು, ಡಾಂಬರು ಅಂಟುವುದಿಲ್ಲ. ದಡದ ಕಲ್ಲು ಗೀರಿದೊಡನೆ ಹಪ್ಪಳದಂತೆ ಎದ್ದು ಬರುತ್ತದೆ. ಒರಟು ನೇಯ್ಗೆಯ ಚೀಲವೇ ಮೇಲು.

ಕೆಲಸದ ಕ್ರಮ ಹೀಗಿತ್ತು. ಚೀಲಗಳನ್ನು ಹೊಲಿದು ಮೊದಲ ಪದರನ್ನು ಬಿಗಿಯಾಗಿ ಎಳೆದು ಬಾಯಿಕಟ್ಟಿಗೆ ಕಟ್ಟಿದರು. 15 ಕೆ.ಜಿ.ಯ ಎಣ್ಣೆ ಡಬ್ಬಿಯಲ್ಲಿ ಡಾಂಬರು ಅರ್ಧಕ್ಕಿಂತ ಮೇಲೆ ತುಂಬಲಿಲ್ಲ, ತೇವ ಇದ್ದರೆ ನೊರೆಯೆದ್ದು ಉಕ್ಕಿ ಬೆಂಕಿಗೆ ಬೀಳುತ್ತದೆ. ನೀರಾದ ಮೇಲೆ ಡಬ್ಬಿಯನ್ನು ಒಲೆಯಿಂದ ಇಳಿಸಿ ಕಾದರು. ಥರ್ಮಾಮೀಟರ್ ಇಲ್ಲದವರಿಗೆ ಪರೀಕ್ಷೆ ಸುಲಭ: ಚೀಲದ ಚೂರಿನ ಮೇಲೆ ಒಂದು ಸೌಟು ಸುರಿಯಿರಿ. ಚೂರು ಮುದುಡಿದರೆ ಇನ್ನೂ ಕಾಯಬೇಕು. ಸುರಿದದ್ದು ಹರಡದೆ ಮುದ್ದೆಯಾಗಿ ನಿಂತರೆ ಹೊತ್ತು ಮೀರಿದೆ, ಮತ್ತೆ ಒಲೆಗಿಡಬೇಕು. ಸುಮಾರು 120 ಡಿಗ್ರಿಯಲ್ಲಿ ಅದು ಬೆಲ್ಲದ ಪಾಕದ ಹದಕ್ಕೆ ಬರುತ್ತದೆ. ಕೋಲಿಗೆ ಗೋಣಿ ಸುತ್ತಿದ ಕುಂಚದಿಂದ ಒಬ್ಬರು ಬಳಿದರೆ ಇನ್ನೊಬ್ಬರು ಹಿಂದೆಯೇ ತಿಕ್ಕಿ ಎಳೆಗಳೊಳಗೆ ಒತ್ತಬೇಕು. ಅದು ಆರುವ ಮೊದಲೇ ಎರಡನೇ ಪದರಿನ ಚೀಲ, ಅದರ ಮೇಲೆ ಮತ್ತೊಮ್ಮೆ ಬಳಿತ.

ಆಮೇಲೆ ತಿರುವು. ಗೋಣಿಯನ್ನು ಒಂದು ಗೇಣು ಅಗಲದ ಪಟ್ಟಿಗಳಾಗಿ ಕತ್ತರಿಸಿ, 85/25 ಕಾಯುವ ಸಣ್ಣ ಡಬ್ಬಿಯಲ್ಲಿ ಅದ್ದಿ, ಇಕ್ಕಳದಲ್ಲಿ ಎತ್ತಿ ತೊಟ್ಟಿಕ್ಕುವುದು ನಿಲ್ಲುವವರೆಗೆ ಹಿಡಿದುಕೊಂಡು, ತಿರುವಿನ ಮೇಲೆ ಇಟ್ಟು ಒದ್ದೆ ಮರದ ತುಂಡಿನಿಂದ ಒತ್ತಿದರು. ತೊಟ್ಟಿಕ್ಕುವಾಗಲೇ ಹಚ್ಚಿದರೆ ಅಡಿಯ ಚೀಲ ಸುಡುತ್ತದೆ. ಮೊದಲ ಪಟ್ಟಿಯಲ್ಲಿ ಹಾಗೇ ಆಯಿತು, ಅಂಗೈಯಷ್ಟು ಚೀಲ ಕರಗಿ ತೇಪೆ ಹಾಕಬೇಕಾಯಿತು. ಪಟ್ಟಿಗಳು ಒಂದರ ಮೇಲೊಂದು ಮೂರು ಬೆರಳು ಬರಬೇಕು. ಕೊನೆಗೆ ಬಿಸಿ ಇರುವಾಗಲೇ ಮೈತುಂಬ ಮರಳು ಎರಚಿದರು. ಮರಳು ಬಿಸಿಲನ್ನು ತಡೆಯುತ್ತದೆ, ದಡದ ಗೀರನ್ನೂ ತಡೆಯುತ್ತದೆ.

ಬೆಂಕಿಯ ಬಗ್ಗೆ: ಉರಿ ಹತ್ತಿದ ಡಾಂಬರಿಗೆ ನೀರು ಹಾಕಲೇಬಾರದು, ಮುಚ್ಚಳ ಅಥವಾ ಮರಳು. ಚರ್ಮಕ್ಕೆ ಬಿದ್ದರೆ ಕೀಳಬಾರದು, ಕಿತ್ತರೆ ಚರ್ಮವೂ ಬರುತ್ತದೆ. 20 ನಿಮಿಷ ತಣ್ಣೀರಿನಡಿ ಹಿಡಿದು, ಅಂಟಿದ್ದು ಅಂಟಿದಂತೆಯೇ ಆಸ್ಪತ್ರೆಗೆ ಹೋಗಬೇಕು. ತುಂಬುತೋಳಿನ ಅಂಗಿ, ಚಪ್ಪಲಿಯ ಬದಲು ಬೂಟು.

ಬಲೆ

ನೂಲು ಹಳತಾಗಿದೆಯೇ ಎಂದು ನೋಡಲು ಅಕ್ಕಪಕ್ಕದ ಎರಡು ಗಂಟು ಹಿಡಿದು ಒಮ್ಮೆ ಜಗ್ಗಿದರೆ ಸಾಕು. ಬಿಸಿಲು ತಿಂದ ನೈಲಾನ್ ಗಂಟಿನ ಬುಡದಲ್ಲಿ ಪಟ್ಟನೆ ಕಡಿಯುತ್ತದೆ, ಅಂಥ ಬಲೆಗೆ ತೇಪೆ ಹಾಕುವುದು ವ್ಯರ್ಥ. ಆರು ಬಲೆಗಳಲ್ಲಿ ಎರಡು ಹೀಗೆ ಹೋದವು. ಹೊಸದಕ್ಕೆ 100 ಮೀಟರ್ ಬಲೆಯನ್ನು 50 ಮೀಟರ್ ಹಗ್ಗಕ್ಕೆ ಏರಿಸಿದರು. ಹಗ್ಗ ಉಳಿಯಲಿ ಎಂದು ಬಲೆಯನ್ನು ಇನ್ನೂ ಒತ್ತೊತ್ತಾಗಿ ಏರಿಸಿದರೆ ಮೀನು ಸುತ್ತಿಕೊಂಡು ಬಿಡಿಸುವುದರಲ್ಲೇ ಬೆಳಗಾಗುತ್ತದೆ. ತೀರಾ ಬಿಗಿಯಾದರೆ ಡಿಕ್ಕಿ ಹೊಡೆದು ವಾಪಸು ಹೋಗುತ್ತದೆ. ಕಾಟ್ಲಾ, ರೋಹುವಿಗೆ ದೊಡ್ಡ ಕಣ್ಣಿನ ಬಲೆ, ಜಿಲೇಬಿ ಮೀನಿಗೆ (ತಿಲಾಪಿಯಾ) ಸಣ್ಣದು. ತೀರಾ ಸಣ್ಣ ಕಣ್ಣಿನದು ಇವರು ಇಟ್ಟುಕೊಂಡಿಲ್ಲ. ದಡದಿಂದ ಎಳೆಯುವ ಅಲಿವಿ ಬಲೆಗಳು ಮರಿಗಳನ್ನೆಲ್ಲ ಬಾಚುವುದರಿಂದ ಹಿನ್ನೀರಿನಲ್ಲಿ ಆಗಿರುವ ನಷ್ಟ ಸಾಕಷ್ಟಿದೆ.

ಬಿಡಾರ

ಜೋಳದ ಹಿಟ್ಟು, ಅಕ್ಕಿ, ಗುರೆಳ್ಳು ಚಟ್ನಿಪುಡಿ, 5 ಕೆ.ಜಿ.ಯ ಗ್ಯಾಸ್ ಸಿಲಿಂಡರ್, ಸೋಲಾರ್ ದೀಪ, ಸೊಳ್ಳೆಪರದೆ. ಇವು ಪ್ರತಿ ವರ್ಷದವು, ಹೇಳುವಂಥದ್ದೇನಿಲ್ಲ. ಹೇಳಬೇಕಾದದ್ದು ಕುಡಿಯುವ ನೀರಿನದು. ಹಿನ್ನೀರು ಕೆಲವು ತಿಂಗಳು ಹಸಿರು ಬಣ್ಣಕ್ಕೆ ತಿರುಗುತ್ತದೆ, ಅದು ಪಾಚಿ. ಕಾಯಿಸಿ ಕುಡಿದರಾಯಿತು ಎಂಬ ನಂಬಿಕೆ ದಡದಲ್ಲೆಲ್ಲ ಇದೆ. ಕಾಯಿಸಿದರೆ ರೋಗಾಣು ಸಾಯುತ್ತವೆ, ಪಾಚಿಯ ವಿಷ ಹೋಗುವುದಿಲ್ಲ. ಕುಡಿಯಲು, ಅಡುಗೆಗೆ ಇಬ್ಬರಿಗೆ ದಿನಕ್ಕೆ 8 ಲೀಟರ್ ಬೇಕು, ವಾರಕ್ಕೆ 20 ಲೀಟರಿನ ಮೂರು ಕ್ಯಾನು. ಮೀನು ತೂಕ ಹಾಕಿಸಲು ಊರ ಕಡೆ ಬರುವ ದಿನವೇ ಅವನ್ನು ತುಂಬಿಸಿಕೊಳ್ಳುವ ವ್ಯವಸ್ಥೆ ಮಾಡಿಕೊಂಡರು.

ಲೈಫ್ ಜಾಕೆಟ್ ಎರಡಿದ್ದವು, ತೆಪ್ಪದಲ್ಲಿ ಅವನ್ನು ಕುಂಡಿಯಡಿ ಹಾಕಿ ಕೂರುವುದು ಎಲ್ಲರ ರೂಢಿ. ಕೂತು ಕೂತು ಒಳಗಿನ ಫೋಮ್ ಚಪ್ಪಟೆಯಾಗುತ್ತದೆ. ಪರೀಕ್ಷೆಗೆ 16 ಕೆ.ಜಿ. ಕಲ್ಲನ್ನು ಚೀಲದಲ್ಲಿ ಕಟ್ಟಿ ಜಾಕೆಟ್ಟಿಗೆ ತೂಗುಹಾಕಿ ನೀರಿಗೆ ಬಿಟ್ಟರು. ಕಲ್ಲು ನೀರಲ್ಲಿ 10 ಕೆ.ಜಿ.ಯಷ್ಟು ಮಾತ್ರ ತೂಗುತ್ತದೆ, ದೊಡ್ಡವರ ಒಳ್ಳೆಯ ಜಾಕೆಟ್ ಅಷ್ಟನ್ನು ತೇಲಿಸಬೇಕು. ಒಂದು ತೇಲಿತು, ಇನ್ನೊಂದು ಕಲ್ಲಿನ ಜೊತೆಗೇ ಹೋಯಿತು. ಹೊಸದೊಂದು ಕೊಂಡರು. ಕೂರಲು ಬೇರೆ ಹಲಗೆ. ಬಾಯಿಕಟ್ಟಿನ ಕೆಳಗೆ 10 ಲೀಟರಿನ ಖಾಲಿ ಕ್ಯಾನು ನಾಲ್ಕು, ಬಿರಡೆ ಬಿಗಿದು ಎದುರುಬದಿರು ಕಟ್ಟಿದರು. ತೆಪ್ಪದೊಳಗೆ ನೀರು ತುಂಬಿದರೂ ಅವು 40 ಕೆ.ಜಿ. ಎತ್ತಿಹಿಡಿಯುತ್ತವೆ, ಅಂಚು ಹಿಡಿದು ನೇತಾಡುವವರಿಗೆ ಅಷ್ಟು ಸಾಕು.

ನೀರಿಗಿಳಿಸಿದ್ದು

ಹುಲಿಗೆಮ್ಮನ ಹೆಸರಲ್ಲಿ ಕಾಯಿ ಒಡೆದು ಸಂಜೆ ತೆಪ್ಪ ಇಳಿಸಿದರು. ಅದಕ್ಕೆ ಮೊದಲು ಮತ್ತೆ ಕಾಟಾ: 49 ಕೆ.ಜಿ. ಮೊದಲ ರಾತ್ರಿ ಯಾರೂ ಹತ್ತಲಿಲ್ಲ. 250 ಕೆ.ಜಿ.ಯಷ್ಟು ಮರಳಿನ ಚೀಲ ಹೇರಿ, ದಡಕ್ಕೆ ಕಟ್ಟಿ ಬಿಟ್ಟರು. ಖಾಲಿ ತೆಪ್ಪವನ್ನು ಪರೀಕ್ಷಿಸಿದರೆ ಪ್ರಯೋಜನವಿಲ್ಲ, ಭಾರ ಇದ್ದಾಗಲೇ ತಿರುವು ನೀರಿನೊಳಗೆ ಪೂರಾ ಹೋಗುವುದು. ಬೆಳಿಗ್ಗೆ ತಳದಲ್ಲಿ ಒಂದು ಚೊಂಬು ನೀರು ಇತ್ತು. ಜಿನುಗುತ್ತಿದ್ದದ್ದು ಸುಟ್ಟು ತೇಪೆ ಹಾಕಿದ್ದ ಜಾಗ. ಎತ್ತಿ ಒಣಗಿಸಿ, ಹೊರಗಿನಿಂದ ಇನ್ನೊಂದು ಸೆಣಬಿನ ಪಟ್ಟಿ ಹಾಕಿದ ಮೇಲೆ ನಿಂತಿತು.

ಬಿಡಾರಕ್ಕೆ ಒಯ್ಯುವ ತೇಪೆ ಡಬ್ಬಿಯಲ್ಲಿ 2 ಕೆ.ಜಿ. ವಿಜಿ-30, ನಾಲ್ಕು ಚೀಲದ ತುಂಡು, ಒಂದು ಗೋಣಿ, ಸೂಜಿ-ದಾರ ಇವೆ. ಬಾಯಿಕಟ್ಟಿನ ಸಡಿಲ ದಾರವನ್ನು ಈ ಸಲ ಹಾಗೇ ಬಿಟ್ಟಿದ್ದಾರೆ. ಅದನ್ನು ಬಿಚ್ಚಿದರೆ ಹೊದಿಕೆಯ ಬಿಗಿ ಹೋಗುತ್ತದೆ ಎಂಬ ಲೆಕ್ಕ. ಕೆಸರು ದಾಟುವಾಗ ಅಂಚು ಹಿಡಿದು ಎತ್ತುವುದರಿಂದ ಅಲ್ಲಿ ಒಂದೆರಡು ಸುತ್ತು ಕಡಿಯಬಹುದು, ಆಗ ಹೊಸ ದಾರವನ್ನು ಹಳೆಯದರ ಮೇಲೆಯೇ ಸುತ್ತಿಕೊಳ್ಳುತ್ತಾರೆ.